ಕಿಟಕಿ ಪಕ್ಕದ ಪುಟ್ಟ ಮಂಚ

ಇದನ್ನು ಹೇಳಿಬಿಡಬೇಕು ಎಂದುಕೊಂಡು ನಾಲ್ಕು ವರ್ಷವಾಯಿತು. ಪ್ರತಿಸಲವೂ ಒಂದು ನೆಪ ಸಿಗುತ್ತಿತ್ತು. ಕನ್ನಡಕದ ನಂಬರು ಬದಲಾಗಿದೆ ಎಂದೆ, ಬೆರಳು ನಡುಗುತ್ತವೆ ಎಂದೆ, ಇಷ್ಟು ಸಣ್ಣ ಸಂಗತಿಯನ್ನು ಯಾರು ಓದುತ್ತಾರೆ ಎಂದೆ. ಹೊಸ ಕನ್ನಡಕ ಬಂದು ವರ್ಷ ಕಳೆಯಿತು. ಬೆರಳು ನಡುಗುವುದು ಚಹಾದ ಬಸಿ ಹಿಡಿದಾಗ ಮಾತ್ರ. ಸಂಗತಿ ಸಣ್ಣದೇ, ಆದರೆ ನನ್ನನ್ನು ಬಿಟ್ಟು ಹೋಗುತ್ತಿಲ್ಲ.

ನಾವು ಮುಂಬೈಯ ಆಂಟಾಪ್ ಹಿಲ್‌ನ ಒಂದು ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿದ್ದೇವೆ. ಎರಡು ಕೋಣೆ, ಒಂದು ಅಡುಗೆಮನೆ. ಧಾರವಾಡದ ಕಡೆಯಿಂದ ಮ್ಯಾಟ್ರಿಕ್ ಮುಗಿಸಿ ಬಂದ ನಾನು ಒಂದು ಬಟ್ಟೆ ಗೋದಾಮಿನಲ್ಲಿ ಮೂವತ್ತೆಂಟು ವರ್ಷ ದುಡಿದೆ. ಅಲ್ಲಿ ಕಿಟಕಿ ಇರಲಿಲ್ಲ. ನಿವೃತ್ತನಾದ ಮೇಲೆ ನನಗೆ ಬೇಕಾದದ್ದು ಒಂದೇ ಆಗಿತ್ತು, ನಮ್ಮ ಹೊರಕೋಣೆಯ ಕಿಟಕಿಯ ಪಕ್ಕ ಒಂದು ಆರಾಮ ಕುರ್ಚಿ. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿ ಒಳ್ಳೆಯ ಗಾಳಿ ಬರುತ್ತದೆ. ಆ ಜಾಗದಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಮೊಮ್ಮಗಳಿಗೆ ಎರಡೂವರೆ ವರ್ಷ ತುಂಬಿದಾಗ ಅವಳ ತೊಟ್ಟಿಲು ಚಿಕ್ಕದಾಯಿತು. ಸುತ್ತ ಮರದ ಕಂಬಿಗಳಿದ್ದ ಗಟ್ಟಿ ತೊಟ್ಟಿಲು, ಸೊಸೆಯ ತವರಿನಿಂದ ಬಂದದ್ದು, ಮಗ ಸೊಸೆ ಮಲಗುವ ಒಳಕೋಣೆಯಲ್ಲಿತ್ತು. ಸೊಸೆ ಮುಂಬೈಯಲ್ಲೇ ಹುಟ್ಟಿ ಬೆಳೆದವಳು, ಬಾಂದ್ರಾದ ಆಫೀಸಿಗೆ ಹೋಗುತ್ತಾಳೆ. ಅವಳ ಕನ್ನಡದಲ್ಲಿ ಎರಡು ಮಾತಿಗೊಮ್ಮೆ ಹಿಂದಿ ಬರುತ್ತದೆ.

"ಮಾವಾರ, ಇಕೀ ಕಾಲು ನೋಡ್ರಿ, ಕಂಬಿಗೆ ಹತ್ತತಾವ. ಮಡಚಿಕೊಂಡ ಮಲಗತಾಳ ಬೇಚಾರಿ. ಸಣ್ಣ ಪಲಂಗ್ ಮಾಡಸೋಣು. ಖರೇ ಅಂದ್ರ, ಜಾಗಾ ಇರೋದು ಕಿಟಕೀ ಬಾಜೂಕ್ ಅಷ್ಟ. ನಿಮ್ಮ ಚೇರ್ ಥೋಡಾ ಸರಿಸಿದ್ರ ಚಲತದ?"

"ಅದಕ್ಕೇನವಾ! ಕೂಸಿನಕಿಂತ ಕುರ್ಚಿ ದೊಡ್ಡದೇನು?" ಎಂದೆ.

ಈ ಮಾತು ಹೇಳಿ ನನಗೇ ನನ್ನ ಮೇಲೆ ಗೌರವ ಬಂತು. ಸಂಜೆ ಕೆಳಗೆ ಕಟ್ಟೆಯ ಮೇಲೆ ಕೂತ ಇಬ್ಬರಿಗೆ ಹೇಳಿಯೂ ಬಂದೆ. ಮರುದಿನ ಕುರ್ಚಿ ಫ್ರಿಜ್ಜಿಗೂ ಬಚ್ಚಲಿನ ಬಾಗಿಲಿಗೂ ನಡುವೆ ಹೋಗಿ ನಿಂತಿತು. ಅಲ್ಲಿ ಫ್ರಿಜ್ಜಿನ ಬೆನ್ನಿನ ಬಿಸಿಗಾಳಿ ಬಿಟ್ಟರೆ ಬೇರೆ ಗಾಳಿಯಿಲ್ಲ.

ಮರಗೆಲಸದ ಮಿಸ್ತ್ರಿ ನಾಲ್ಕು ಅಡಿ ಉದ್ದದ, ಮೊಣಕಾಲೆತ್ತರದ ಮಂಚ ಮಾಡಿಕೊಟ್ಟ. ನನ್ನ ಹೆಂಡತಿ ತನ್ನ ಹಳೆಯ ಸೀರೆಗಳನ್ನು ಕತ್ತರಿಸಿ ಅದಕ್ಕೊಂದು ಪುಟ್ಟ ಕೌದಿ ಹೊಲಿದಳು. ಮೊದಲ ದಿನ ಮಂಚದ ನಾಲ್ಕೂ ಕಾಲಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಮಾಡಿದಳು. ಮಗು ಅದರ ಮೇಲೆ ಕೂತು ಗಂಭೀರವಾಗಿ ಆರತಿ ತೆಗೆದುಕೊಂಡಿತು. ಆಮೇಲೆ ಕೆಳಗಿಳಿಯಲೇ ಇಲ್ಲ. ಅಲ್ಲೇ ಉಂಡಿತು, ಅಲ್ಲೇ ಗೊಂಬೆಗಳನ್ನು ಮಲಗಿಸಿತು. ಹಾಲಿನವನು ಬಂದರೆ "ನಂದ ಪಲಂಗ್!" ಎಂದು ಕೂಗಿ ಹೇಳಿತು. ಮಂಚದ ಹತ್ತಿರ ಯಾರು ಬಂದರೂ ಚಪ್ಪಲಿ ಬಿಡಬೇಕೆಂಬ ಕಾನೂನು ಮಾಡಿತು.

"ಅಜ್ಜಾ, ಚಪ್ಪಲ್!"

"ಹಾಕ್ಕೊಂಡಿಲ್ಲವಾ, ಬರಿಗಾಲಾಗ ಅದೀನಿ."

"ಹಂಗಾರ ಕಾಲ ತೊಳಿ!"

ನನ್ನ ಹೆಂಡತಿ ಅಡುಗೆಮನೆಯಿಂದ ನಕ್ಕಳು. "ನಲವತ್ತ ವರ್ಷ ನಾ ಹೇಳಿದ್ರ ಕೇಳಲಿಲ್ಲ. ಈಗ ಕೇಳ್ರಿ!"

ರಾತ್ರಿ ಎಲ್ಲ ಕೈಕಾಲು ಚಾಚಿ ಮಲಗುತ್ತಿತ್ತು. ಬೆಳಿಗ್ಗೆ ತಾನೇ ಕಾಲು ಕೆಳಗಿಟ್ಟು ಇಳಿದು, ಅಡುಗೆಮನೆಗೆ ಹೋಗಿ, "ನಾ ಎದ್ದೆ" ಎಂದು ಹೇಳುತ್ತಿತ್ತು. ಎತ್ತಿ ಇಳಿಸಲು ಯಾರನ್ನೂ ಕರೆಯಬೇಕಾಗಿರಲಿಲ್ಲವಲ್ಲ, ಆ ಜಂಬ ಮುಖದ ಮೇಲೆಲ್ಲ ಇರುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಹೆಂಡತಿ ಭಜನೆಗೆ ಹೋಗಿದ್ದಳು. ಮಗು ಒಳಕೋಣೆಯ ಚಾಪೆಯ ಮೇಲೆ ಆಡುತ್ತ ನಿದ್ದೆ ಹೋಗಿತ್ತು. ಮಗ ಅಂಧೇರಿಯ ಕೆಲಸದಲ್ಲಿ, ಸೊಸೆ ಬಾಂದ್ರಾದಲ್ಲಿ. ಮೂರು ಹೊಡೆಯಿತು. ಕಿಟಕಿಯ ಪರದೆ ಅಲುಗಾಡತೊಡಗಿತು. ಎರಡೇ ನಿಮಿಷ ಎಂದುಕೊಂಡು ಹೋಗಿ ಮಂಚದ ತುದಿಯಲ್ಲಿ ಕೂತೆ. ಆಮೇಲೆ ಒಂದು ಮಗ್ಗುಲಾದೆ. ಆಮೇಲೆ ಕಾಲುಗಳನ್ನು ಆಚೆ ಚಾಚಿ ಪೂರ್ತಿ ಮಲಗಿದೆ. ಎಂಥ ಗಾಳಿ! ಕಣ್ಣು ಹತ್ತುವಷ್ಟರಲ್ಲಿ ಕೆಳಗೆ ಲಟಕ್ಕೆಂದಿತು. ಹಲಗೆ ನಡುವಿಗೆ ಸೀಳಿ ನಾನು ಹಾಸಿಗೆ ಸಮೇತ ನೆಲಕ್ಕೆ ಕೂತೆ. ಸದ್ದಿಗೆ ಎದ್ದು ಬಂದ ಮಗು ಬಾಗಿಲಲ್ಲಿ ನಿಂತು ನೋಡಿ ಚಪ್ಪಾಳೆ ತಟ್ಟಿತು.

"ಅಜ್ಜಾ ಬಿದ್ದಾ! ಅಜ್ಜಾ ಬಿದ್ದಾ!"

ನಾನು ಎದ್ದು ಹಾಸಿಗೆ ಸರಿಮಾಡಿ, ಕೌದಿಯನ್ನು ಎಳೆದು ಹೊದಿಸಿ, ಮಗುವಿಗೆ ಒಂದು ಬಿಸ್ಕಿಟು ಕೊಟ್ಟೆ. ಆಗಲೇ ನನ್ನ ಮನಸ್ಸಿನಲ್ಲಿ ಏನಿತ್ತೆಂದು ಈಗ ಗೊತ್ತಾಗುತ್ತದೆ.

ಸಂಜೆ ಸೊಸೆ ಬಂದು ಮಗುವನ್ನು ಮಂಚದ ಮೇಲೆ ಕೂರಿಸಿದಳು. ಹಾಸಿಗೆ ಹೊಂಡದಂತೆ ಒಳಗೆ ಹೋಯಿತು.

"ಅರೇ! ಇದು ಹೆಂಗ ಟೂಟ್ ಗಯಾ?"

ಮಗನೂ ಆಗ ತಾನೇ ಬಂದಿದ್ದ, ಹೆಂಡತಿ ಭಜನೆಯಿಂದ ಮರಳಿದ್ದಳು. ಮೂವರೂ ನನ್ನ ಮುಖ ನೋಡಿದರು, ಮಧ್ಯಾಹ್ನ ಮನೆಯಲ್ಲಿದ್ದ ದೊಡ್ಡವನು ನಾನೊಬ್ಬನೇ. ನಿಜ ಹೇಳಿದ್ದರೆ ನಗುತ್ತಿದ್ದರು, ಅಷ್ಟೇ. ಆ ನಗುವಿಗೇ ಹೆದರಿದೆ. ಕುರ್ಚಿ ಬಿಟ್ಟುಕೊಟ್ಟ ದೊಡ್ಡ ಮನುಷ್ಯ ನಾಲ್ಕೇ ದಿನಕ್ಕೆ ಕೂಸಿನ ಮಂಚದಲ್ಲಿ ಮಲಗಿದ ಎಂದಾಗುತ್ತಿತ್ತು.

"ಕುಣದಾಡತಿದ್ಲು," ಎಂದೆ. "ಎಷ್ಟ ಹೇಳಿದ್ರೂ ಕೇಳಲಿಲ್ಲ."

ಮಗು ನನ್ನ ಕಡೆ ಬೆರಳು ತೋರಿಸಿತು. "ಅಜ್ಜಾ ಮುರಿದಾ."

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟ ಇದ್ದಾಳ, ಈಗಿಂದನ ಇನ್ನೊಬ್ಬರ ಮ್ಯಾಲ ಹಾಕೂದು ಕಲತಾಳ!" ಸೊಸೆ ನಗಲಿಲ್ಲ. ಮಗುವಿನ ಮುಂದೆ ಮೊಣಕಾಲೂರಿ ಕೂತಳು. "ಝೂಟ್ ಹೇಳಬಾರದು ಬೇಟಾ. ಅಜ್ಜಾ ಎಷ್ಟ ದೊಡ್ಡವರು! ಕಿವಿ ಹಿಡ್ಕೊ. ಅಜ್ಜಾಗೆ ಸಾರಿ ಹೇಳು."

ಮಗು ಮತ್ತೆರಡು ಸಲ "ಅಜ್ಜಾ ಮುರಿದಾ" ಎಂದಿತು. ಎರಡು ಸಲವೂ ಬೈಸಿಕೊಂಡಿತು. ಕೊನೆಗೆ ತುಟಿ ಊದಿಸಿ, ಎರಡೂ ಕಿವಿ ಹಿಡಿದುಕೊಂಡು, "ಸಾಲಿ" ಎಂದಿತು. ನಾನು "ಇರಲಿ ಬಿಡವಾ, ಕೂಸು" ಎಂದು ಅವಳ ತಲೆ ಸವರಿದೆ. ಆ ಕೈ ಇದೇ ಕೈ.

ಹೀಗೆ ಕುಣಿಯುವವಳು ಮಂಚದಿಂದ ಬಿದ್ದು ಕೈಕಾಲು ಮುರಿದುಕೊಂಡಾಳು, ಮೂರು ತುಂಬುವವರೆಗೆ ತೊಟ್ಟಿಲೇ ಸರಿ ಎಂದು ಸೊಸೆ ತೀರ್ಮಾನಿಸಿದಳು. ಮಗ ಮುರಿದ ಮಂಚವನ್ನು ಎತ್ತಿ ಬಾಗಿಲ ಹಿಂದೆ ನಿಲ್ಲಿಸಿದ. ನನ್ನ ಕುರ್ಚಿಯನ್ನು ತಾನೇ ತಂದು ಕಿಟಕಿಗಿಟ್ಟ.

"ಕೂಡಪಾ, ನಿನ್ನ ಜಾಗಾ ನಿನಗ ಬಂತು."

ಕೂತೆ. ಗಾಳಿ ಬರುತ್ತಿತ್ತು. ಮೊದಲ ಎರಡು ದಿನ ಚೆನ್ನಾಗಿಯೇ ನಿದ್ದೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟಾಗ ಒಳಕೋಣೆಯ ಬಾಗಿಲಿನಾಚೆ ಮಗು ತೊಟ್ಟಿಲಿನಲ್ಲಿ ಎದ್ದು ನಿಂತು, ಕಂಬಿಗಳ ನಡುವಿನಿಂದ ನನ್ನನ್ನು ನೋಡುತ್ತಿತ್ತು. ಅಳುತ್ತಿರಲಿಲ್ಲ. ಇಳಿಸಲು ಯಾರಾದರೂ ಬರಲಿ ಎಂದು ಕಾಯುತ್ತಿತ್ತು. ಹೆಂಡತಿ ಹೋಗಿ ಎತ್ತಿಕೊಂಡಳು. ಆಮೇಲೆ ನಾನು ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು ಕೂರತೊಡಗಿದೆ.

ಎರಡನೆಯ ಭಾನುವಾರ ಮಿಸ್ತ್ರಿ ಬಂದ. ತೆಳ್ಳಗಿನ ಹಲಗೆ ಹಾಕಿದ್ದಕ್ಕೆ ಸೊಸೆ ಅವನನ್ನು ತರಾಟೆಗೆ ತೆಗೆದುಕೊಂಡಳು. ಅವನು ಮಂಚವನ್ನು ಮಗುಚಿ, ಸೀಳಿನ ಮೇಲೆ ಹೆಬ್ಬೆರಳು ಆಡಿಸಿ, ತಲೆ ಅಲ್ಲಾಡಿಸಿದ.

"ಭಾಭೀ, ಬಚ್ಚೀ ಕೂದ್ನೇ ಸೆ ಐಸಾ ನಹೀ ಟೂಟ್ತಾ. ಕೋಯೀ ಬಡಾ ಆದ್ಮೀ ಸೋಯಾ ಹೈ."

ಕೂಸು ಕುಣಿದರೆ ಹೀಗೆ ಮುರಿಯುವುದಿಲ್ಲ, ಯಾರೋ ದೊಡ್ಡವರು ಮಲಗಿದ್ದಾರೆ ಎಂದನಲ್ಲ, ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ದೊಡ್ಡವರು ಅಂದ್ರ ಯಾರು? ಈ ಮೊಣಕಾಲ ಇಟಗೊಂಡು ನಾ ಅದರಾಗ ಮಲಗಾಕ ಹೋಗತೀನೇನು?"

ಮಗನಿಗೆ ತಮಾಷೆ. ಮಗುವನ್ನು ಎತ್ತಿಕೊಂಡು, "ಹೇಳಬೇ ಪುಟ್ಟೀ, ಮಂಚ ಯಾರು ಮುರದ್ರು?" ಎಂದ.

ಈಗ ಅವಳು "ಅಜ್ಜಾ" ಎಂದರೆ ಮಿಸ್ತ್ರಿಯ ಸಾಕ್ಷಿಯೂ ಇದೆ. ಮಗು ನನ್ನನ್ನು ನೋಡಿತು. ಆಮೇಲೆ ತಾಯಿಯನ್ನು ನೋಡಿತು. ಎರಡೂ ಕೈ ಮೇಲೆತ್ತಿ ತನ್ನ ಎರಡೂ ಕಿವಿ ಹಿಡಿದುಕೊಂಡಿತು.

"ನಾ ಮುರದೆ. ಸಾಲಿ."

ಸೊಸೆಗೆ ಖುಷಿಯಾಯಿತು. "ನೋಡ್ರಿ, ಖರೇ ಹೇಳಿದ್ಲು! ಶಾಣೀ ಬಚ್ಚಾ!" ಎಂದು ಮುದ್ದು ಕೊಟ್ಟಳು. ಆ ಮುದ್ದನ್ನು ನನಗೆ ನೋಡಲಾಗಲಿಲ್ಲ.

"ನಾ ಮುರದದ್ದು," ಎಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. "ಮಂಚ ಮುರದಾಂವಾ ನಾನು. ಗಾಳಿಗೆ ಮಲಗಿದ್ದೆ. ಕೂಸು ಮೊದಲ ದಿನಾನ ಖರೇ ಹೇಳಿತ್ತು. ಸುಳ್ಳ ಹೇಳಿದಾಂವಾ ನಾನು."

ಮಗ ನಗುತ್ತ ನಗುತ್ತ ನೆಲಕ್ಕೇ ಕೂತುಬಿಟ್ಟ. ಹೆಂಡತಿ ಹಣೆ ಹಣೆ ಬಡಿದುಕೊಂಡಳು. "ನಾಕ ಫೂಟಿನ ಮಂಚದಾಗ ಆರು ಫೂಟಿನ ಗಂಡಸು! ತೊಟ್ಟಿಲಾಗ ಯಾಕ ಮಲಗಲಿಲ್ಲ, ತೂಗತಿದ್ದೆ!" ಮಿಸ್ತ್ರಿ ಮೀಸೆಯೊಳಗೇ ನಕ್ಕು ಅಳತೆಯ ಟೇಪು ಬಿಚ್ಚಿದ.

ಸೊಸೆ ಮಾತ್ರ ಮಗುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. "ಮಾವಾರ, ನಾ ಇಕೀಗೆ ಬೈದೆ," ಎಂದಳು. ಅಷ್ಟೇ ಅಂದದ್ದು. ಹೆಂಡತಿಯ ನೂರು ಮಾತಿಗಿಂತ ಅದು ಚುಚ್ಚಿತು. ಸೊಸೆಗೆ ಕೈ ಮುಗಿದು ತಪ್ಪಾಯಿತು ಎಂದೆ. ಬೈಸಿಕೊಂಡದ್ದಕ್ಕೆ ಮಿಸ್ತ್ರಿಗೂ ಹೇಳಿದೆ. ಅವನು ಮಂಚದ ಕೆಳಗೆ ಎರಡು ಪಟ್ಟಿ ಹೆಚ್ಚಾಗಿ ಹೊಡೆದು, "ಕಾಕಾ, ಅಬ್ ಲೇಟ್ ಕೇ ದೇಖೋ," ಎಂದು ಮಲಗಿ ನೋಡಲು ಕರೆದ.

"ಬ್ಯಾಡಪಾ," ಎಂದಳು ಹೆಂಡತಿ. "ಮಲಗಿದ್ರಂದ್ರ ನಾಳೆ ಮುಂಜಾನಿ ತನಕ ಏಳಂಗಿಲ್ಲ ಅವರು."

ಅಂದು ಸಂಜೆಯೇ ಮಂಚ ಕಿಟಕಿಗೆ ಹೋಯಿತು. ಮಗು ಹತ್ತುವ ಮೊದಲು ಸ್ವಲ್ಪ ಹೊತ್ತು ನಿಂತು ತಾಯಿಯ ಮುಖ ನೋಡಿತು, ಹತ್ತಬಹುದೇ ಎಂಬಂತೆ. ಮೊದಲು ಹಾಗೆ ಯಾರನ್ನೂ ಕೇಳುತ್ತಿರಲಿಲ್ಲ. "ಹತ್ತು, ನಿಂದ ಅಲ್ಲೇನು?" ಎಂದಳು ಸೊಸೆ. ಹತ್ತಿತು. ವಾರದೊಳಗೆ ಚಪ್ಪಲಿಯ ಕಾನೂನೂ ಮರಳಿ ಬಂತು.

ಆ ದಿನ ಸೊಸೆಗೂ ಮಿಸ್ತ್ರಿಗೂ ತಪ್ಪಾಯಿತು ಎಂದವನು ಒಬ್ಬರಿಗೆ ಮಾತ್ರ ಹೇಳಲಿಲ್ಲ. ಎರಡೂವರೆ ವರ್ಷದ ಕೂಸಿಗೆ ಏನು ತಿಳಿಯುತ್ತದೆ ಎಂದುಕೊಂಡೆ, ಒಂದು ಚಾಕಲೇಟು ತಂದುಕೊಟ್ಟೆ. ಈಗ ಅವಳು ಶಾಲೆಗೆ ಹೋಗುತ್ತಾಳೆ, ಇಂಗ್ಲಿಷು ಹಿಂದಿ ಎರಡನ್ನೂ ಪಟಪಟನೆ ಓದುತ್ತಾಳೆ. ಕನ್ನಡದ ಅಕ್ಷರ ಬರುವುದಿಲ್ಲ. ನಾನು ಇದನ್ನು ಬರೆಯುವಾಗ ತೋಳಿಗೆ ಒರಗಿ ನಿಂತು, "ಅಜ್ಜಾ, ಏನ ಬರಿಯಾಕತ್ತೀ?" ಎಂದು ಕೇಳಿದಳು. "ಏನಿಲ್ಲ, ನನ್ನ ಕಥಿ," ಎಂದೆ. ಆಗಲೂ ಹೇಳಬಹುದಿತ್ತು, ಹೇಳಲಿಲ್ಲ. ಅವಳು ಓದಲಾರದ ಅಕ್ಷರದಲ್ಲಿ ತಪ್ಪೊಪ್ಪಿಕೊಳ್ಳುವುದು ಸುಲಭ ಎಂದು ನನಗೂ ಗೊತ್ತು. ನಿಜ ಹೇಳಿ ಬೈಸಿಕೊಂಡವಳು, ಆಮೇಲೆ ನನ್ನಿಂದಾಗಿ ಸುಳ್ಳು ಹೇಳಿ ಮುದ್ದು ಮಾಡಿಸಿಕೊಂಡವಳು, ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ಅವಳೊಬ್ಬಳನ್ನೇ: ನನ್ನ ಮೊಮ್ಮಗಳನ್ನು.