ಬಿಲ್ಲೆ ಕರೆದ ಮನೆ

ಮೇಲ್ಕೇರಿಗೆ ನೀರು ಹತ್ತಿದ ಗುರುವಾರವೇ ಆ ಸುದ್ದಿಯೂ ತಿಳಿಯಿತು. ಹೊಸ ನಲ್ಲಿಯ ಮೊದಲ ಕೊಡವನ್ನು ಹೆಗಲಿಗೇರಿಸಿಕೊಂಡು ದೋನ್ ಕ್ರಿಸಾಂತೊ ಮುನ್ನೂರು ಮೆಟ್ಟಿಲಿಳಿದು, ಹಿರಿಯಮ್ಮ ದೋನ್ಯಾ ಎಮೆತೆರಿಯಾ ಅವರಿಗೆ ತೋರಿಸಲು ಬಂದರು. ಕುರ್ಚಿಯಲ್ಲಿ ಕುಳಿತಂತೆಯೇ, ಕೈಯಲ್ಲಿ ಜಪಸರವಿದ್ದಂತೆಯೇ, ಅವರು ಪ್ರಭುವಿನ ಬಳಿಗೆ ಹೋಗಿಬಿಟ್ಟಿದ್ದರು. ಎಪ್ಪತ್ತೊಂದು ವರ್ಷ. ಚರ್ಚಿನಲ್ಲಿ ಸಾವಿನ ಗಂಟೆ ಬಾರಿಸಲು ಹೋದ ನನಗೆ ಹಗ್ಗ ಎಂದೂ ಅಷ್ಟು ಭಾರವಾಗಿರಲಿಲ್ಲ.

ನಮ್ಮ ಸಾನ್ ಪಾನ್ಕ್ರಾಸಿಯೊದಲ್ಲಿ ಅವರ ಹೆಸರಿನ ಬೀದಿಯಿಲ್ಲ. ಊರಿನ ಲೆಕ್ಕಕ್ಕಾಗಿ ಮನೆಮನೆಗೆ ಹೋಗಿ ವಿವರ ಬರೆದುಕೊಳ್ಳುವುದು ಅವರ ಕೆಲಸವಾಗಿತ್ತು, ಇಪ್ಪತ್ತಾರು ವರ್ಷ. ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಬೆಳಗಿನ ಐದು ಗಂಟೆ, ಬೆಟ್ಟದ ಮೇಲೆ ಮಂಜು, ಮೆಕ್ಕೆಜೋಳದ ರೊಟ್ಟಿ ತಟ್ಟುವ ಸದ್ದು. ಜೇಬಿನಲ್ಲಿ ನೋಟ್‌ಬುಕ್, ಕೈಯಲ್ಲಿ ನಾಯಿ ಓಡಿಸುವ ಕೋಲು ಹಿಡಿದು ದೋನ್ಯಾ ಎಮೆತೆರಿಯಾ ಮೆಟ್ಟಿಲು ಹತ್ತುತ್ತಿದ್ದಾರೆ.

ಮೂರು ವರ್ಷದ ಹಿಂದಿನ ಮಾತು. ಪುರಸಭೆಯವರು ಭಾನುವಾರದ ಸಂತೆಯಲ್ಲಿ ನಿಂತು, ಮನೆಗೆ ನೀರು ಎಲ್ಲಿಂದ ಎಂದು ನೂರು ಜನರನ್ನು ಕೇಳುತ್ತಾರೆ. ತೊಂಬತ್ತೈದು ಮಂದಿಯ ಮನೆಯಲ್ಲಿ ನಲ್ಲಿಯಿದೆ. ಊರಿಗೆ ಬಂದ ಕೊಳವೆಗಳನ್ನು ಬೇರೆ ಊರಿಗೆ ಕಳಿಸೋಣ ಎಂದು ಬರೆದುಬಿಡುತ್ತಾರೆ.

ದೋನ್ಯಾ ಎಮೆತೆರಿಯಾ ಸೊಂಟಕ್ಕೆ ಕೈಯಿಟ್ಟು ಪುರಸಭೆಯ ಬಾಗಿಲಲ್ಲಿ ನಿಲ್ಲುತ್ತಾರೆ. "ಅಯ್ಯಾ, ನೀರಿಲ್ಲದೋರು ಆ ಹೊತ್ತಿಗೆ ಹಳ್ಳದ ಹತ್ರ ಸಾಲು ನಿಂತಿರ್ತಾರೆ. ಸಂತೇಲಿ ನಿಮಗೆ ಸಿಕ್ಕೋರೆಲ್ಲ ಸ್ನಾನ ಮಾಡ್ಕೊಂಡು ಬಂದೋರು!"

"ಹಾಗಾದ್ರೆ ನೀವೇ ಕೇಳ್ಕೊಂಡು ಬನ್ನಿ. ಹದಿನೈದು ದಿನ ಟೈಮು," ಎನ್ನುತ್ತಾರೆ ಪುರಸಭೆಯವರು.

ಊರಿನಲ್ಲಿರುವುದು ನಾನೂರ ಹನ್ನೆರಡು ಮನೆ. ಎಲ್ಲವನ್ನೂ ಸುತ್ತಲು ಕಾಲವೂ ಸಾಲದು, ಕಾಲೂ ಸಾಲದು. ಹಬ್ಬದ ಲೊತೆರಿಯಾ ಆಟದಲ್ಲಿ ಚೀಲದಿಂದ ಬಿಲ್ಲೆ ಎತ್ತಿ ಅಂಕಿ ಕೂಗುವವರು ಅವರೇ ಅಲ್ಲವೇ? ಮನೆಗೊಂದರಂತೆ ಮರದ ಬಿಲ್ಲೆಗೆ ಅಂಕಿ ಬರೆದು, ಎರಡು ಚೀಲಕ್ಕೆ ಹಾಕುತ್ತಾರೆ: ಕೆಳಕೇರಿಯ ಮುನ್ನೂರ ಒಂಬತ್ತು ಒಂದರಲ್ಲಿ, ಮೇಲ್ಕೇರಿಯ ನೂರ ಮೂರು ಇನ್ನೊಂದರಲ್ಲಿ. ಪೂಜೆ ಮುಗಿದ ಮೇಲೆ ಎಲ್ಲರೆದುರು ಕಣ್ಣುಮುಚ್ಚಿ ಕೈ ಹಾಕುತ್ತಾರೆ. ಮೊದಲ ಚೀಲದಿಂದ ಮೂವತ್ತು, ಎರಡನೆಯದರಿಂದ ಹತ್ತು. ದೊಡ್ಡ ಕೇರಿಗೆ ದೊಡ್ಡ ಪಾಲು, ಸಣ್ಣದಕ್ಕೆ ಸಣ್ಣದು. ಆದರೆ ಯಾರೂ ಹೊರಗಿಲ್ಲ.

ಮೇಲ್ಕೇರಿಯ ತೊಂಬತ್ತೆಂಟನೆಯ ಬಿಲ್ಲೆ ಬರುತ್ತದೆ. ಅದು ತುತ್ತತುದಿಯ ಕ್ರಿಸಾಂತೊ ಮನೆ. ಮೂರು ಸಲ ಹತ್ತಿದರೂ ಬೀಗ, ಬಾಗಿಲಲ್ಲಿ ನಾಯಿ.

"ನನ್ನನ್ನೇ ಕೇಳ್ಕೊಂಡು ಹೋಗಿ ದೋನ್ಯಾ. ಆ ನಾಯಿ ಹತ್ರ ಯಾಕೆ ಕಚ್ಚಿಸ್ಕೋತೀರಿ?" ಎನ್ನುತ್ತಾಳೆ ಪಕ್ಕದ ಮನೆಯವಳು.

"ಬಿಲ್ಲೆ ಕರೆದಿದ್ದು ಅವನನ್ನ ಕಣೇ ಮಗಳೇ, ನಿನ್ನನ್ನಲ್ಲ. ಸುಲಭಕ್ಕೆ ಸಿಕ್ಕೋರನ್ನ ಕೇಳೋದಾದ್ರೆ ಸಂತೆ ಏನು ತಪ್ಪು ಮಾಡಿತ್ತು?"

ನಾಲ್ಕನೆಯ ಸಲ ಕ್ರಿಸಾಂತೊ ಸಿಗುತ್ತಾರೆ. "ನನ್ನ ನಾಯೀನೂ ಬರ್ಕೋತೀರಾ ದೋನ್ಯಾ?"

"ಅದು ದಿನಕ್ಕೆಷ್ಟು ನೀರು ಕುಡಿಯುತ್ತೆ ಹೇಳು, ಬರ್ಕೋತೀನಿ."

ಕ್ರಿಸಾಂತೊ ಹೇಳಿದ್ದಿಷ್ಟು: ಹಳ್ಳದ ನೀರು, ರುಚಿ ಕೆಟ್ಟದ್ದು, ದಿನಕ್ಕೆ ಆರು ಕೊಡ. ಮೂರನ್ನೂ ಬೇರೆ ಬೇರೆ ಕಡೆ ಬರೆಯುತ್ತಾರೆ. ಲೆಕ್ಕ ಹಾಕಲು ಬಂದ ರಾಜಧಾನಿಯ ಇಂಜಿನಿಯರ್ ಹಳ್ಳಕ್ಕೆ ಒಂದು, ಬಾವಿಗೆ ಎರಡು, ನಲ್ಲಿಗೆ ಮೂರು ಎಂದು ಅಂಕಿ ಕೊಟ್ಟು, ಎಲ್ಲ ಕೂಡಿಸಿ ಸರಾಸರಿ ತೆಗೆದಾಗ ದೋನ್ಯಾಗೆ ನಗು ತಡೆಯದು. "ಎರಡೂವರೆ ಅಂದ್ರೆ ಯಾವ ನೀರು ಸ್ವಾಮಿ? ಅರ್ಧ ಬಾವಿ, ಅರ್ಧ ನಲ್ಲಿಯಾ? ಹಳ್ಳ, ಬಾವಿ ಅನ್ನೋದು ಹೆಸರು. ಒಳ್ಳೇದು, ಕೆಟ್ಟದ್ದು ಅನ್ನೋದು ದರ್ಜೆ. ಕೊಡ ಮಾತ್ರ ಎಣಿಸಿ, ಕೂಡಿಸಿ. ಕೇರಿಗಳನ್ನೂ ಕಲಸಬೇಡಿ."

ಇಂಜಿನಿಯರ್ ಕಲಸಲಿಲ್ಲ. ಕೆಳಕೇರಿಯ ಮೂವತ್ತರಲ್ಲಿ ಇಪ್ಪತ್ತೇಳು ಮನೆಗೆ ನಲ್ಲಿ. ಮೇಲ್ಕೇರಿಯ ಹತ್ತರಲ್ಲಿ ಒಂದಕ್ಕೂ ಇಲ್ಲ. ಆ ಎರಡು ಸಾಲು ಓದಿದ ಪುರಸಭೆಯವರು ತಾವು ಮೊದಲು ಬರೆದದ್ದನ್ನು ಹೊಡೆದುಹಾಕಿದರು. ಕೊಳವೆಗಳು ಊರಲ್ಲೇ ಉಳಿದವು, ಬೆಟ್ಟ ಹತ್ತಿದವು.

ನಿಮ್ಮ ಹೆಸರಿನ ಫಲಕ ಹಾಕಿಸೋಣವೇ ಎಂದು ಊರವರು ಕೇಳಿದಾಗ, "ನನ್ನ ಹೆಸರು ಯಾಕೆ? ಮೊದಲ ಕೊಡ ತಂದು ತೋರಿಸಿ, ಸಾಕು," ಎಂದಿದ್ದರು.

ಕ್ರಿಸಾಂತೊ ಆ ಕೊಡವನ್ನು ಶವಪೆಟ್ಟಿಗೆಯ ಬಳಿ ಇಟ್ಟರು. ಚರ್ಚಿನ ಗುರುಗಳು ಅದೇ ನೀರನ್ನು ಆಶೀರ್ವದಿಸಿ ಚಿಮುಕಿಸಿದರು. ಅಂದು ಬಿಲ್ಲೆ ಎತ್ತುವ ಅಗತ್ಯವಿರಲಿಲ್ಲ. ಮೇಲ್ಕೇರಿಯ ನೂರ ಮೂರು ಮನೆಯವರೂ ಇಳಿದು ಬಂದಿದ್ದರು.

ಪ್ರಭುವೇ, ಮುಚ್ಚಿದ ಬಾಗಿಲಿಗೂ ನಾಲ್ಕು ಸಲ ಹತ್ತಿದ ಪಾದಗಳಿವು. ನಿನ್ನ ಬಾಗಿಲು ಇವರಿಗೆ ಮೊದಲ ತಟ್ಟಿಗೇ ತೆರೆಯಲಿ. ಒಳಗೆ ಇವರ ಆತ್ಮಕ್ಕೆ ತಣ್ಣನೆಯ ನೆರಳೂ ಶಾಂತಿಯೂ ಸಿಗಲಿ. ಆಮೆನ್.