ಒಂದು ಗಂಟು, ಆ ಗಂಟು

ಧಾರವಾಡದ ಕೋಚಿಂಗ್ ಕ್ಲಾಸೊಂದರಲ್ಲಿ ನಾನು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ಪೊಲೀಸ್, ಬ್ಯಾಂಕು, ಸರ್ಕಾರಿ ನೌಕರಿ ಎಂದು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ. ಹೆಚ್ಚಿನವರು ಕನ್ನಡ ಸಾಲೆಯಲ್ಲಿ ಕಲಿತವರು. ಅವರನ್ನು ಬಹಳ ಕಾಡುವುದು ಎ, ಆ್ಯನ್, ದಿ ಎಂಬ ಪುಟ್ಟ ಪದಗಳು. ಅದಕ್ಕೆ ನನ್ನದೊಂದು ಉಪಾಯವಿದೆ. 'ಒಂದೂರಾಗ ಒಬ್ಬ ರಾಜ ಇದ್ದ, ಆ ರಾಜಗ ಇಬ್ರು ಹೆಂಡ್ರು' ಎಂದು ಕತೆ ಶುರು ಮಾಡುತ್ತೇನೆ. ಮೊದಲ ಸಲ ಕಂಡಾಗ 'ಒಬ್ಬ ರಾಜ', ಅದು ಎ. ಗುರುತಾದ ಮೇಲೆ 'ಆ ರಾಜ', ಅದು ದಿ. ಎಷ್ಟೋ ವರ್ಷಗಳಿಂದ ಹೇಳುತ್ತ ಬಂದ ಮಾತು. ಈ ಮಾತೇ ನನ್ನನ್ನು ಒಂದು ದಿನ ಹೆದರಿಸಿ ನಡುಗಿಸೀತು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ಅಕ್ಕನನ್ನು ಉಪ್ಪಿನಬೆಟಗೇರಿಗೆ ಕೊಟ್ಟಿದೆ. ಅವ್ವ ಹೋದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಆಮೇಲೆ ನನ್ನ ತಲೆ ಬಾಚಿ, ಬುತ್ತಿ ಕಟ್ಟಿ, ಓದಿಗೆ ಕೂರಿಸಿದವಳು ಅಕ್ಕ. ಅವ್ವನನ್ನು ಕೊಂದದ್ದು ಎದೆಯಲ್ಲಿ ಎದ್ದ ಗಂಟು. ನಾಚಿಕೆಯಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಗೊತ್ತಾಗುವಷ್ಟರಲ್ಲಿ ಡಾಕ್ಟರು ಮಾಡುವುದೇನೂ ಉಳಿದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅಕ್ಕನ ಕುತ್ತಿಗೆಯ ಎಡಗಡೆ ಅವರೆಕಾಳಿನಂಥ ಗಂಟು ಕಾಣಿಸಿತು. ಥೈರಾಯ್ಡಿನದು, ಹೆದರುವಂಥದ್ದೇನಲ್ಲ, ವರ್ಷಕ್ಕೊಮ್ಮೆ ತೋರಿಸಿ ಎಂದಿದ್ದರು ಆಗಿನ ಡಾಕ್ಟರು. ಅಕ್ಕ ತೋರಿಸಲಿಲ್ಲ. ಒಂದು ವರ್ಷ ಮಗಳ ಬಾಣಂತನ, ಇನ್ನೊಂದು ವರ್ಷ ಸುಗ್ಗಿ. ಈ ಸಲ ನಾನೇ ಜಗಳ ಮಾಡಿ ಕರೆಸಿಕೊಂಡು ಹುಬ್ಬಳ್ಳಿಯ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದೆ. ಬಾಗಿಲಲ್ಲಿ ನಿಂತಾಗ ಕೇಳಿದೆ:

"ಅಕ್ಕಾ, ಹಳೇ ಫೈಲ್ ಎಲ್ಲೈತಿ?"

"ಅಯ್ಯ, ಟ್ರಂಕಿನ್ಯಾಗ ಉಳೀತವ್ವಾ. ಅದ್ಯಾಕ ಬೇಕು? ಗಂಟು ಇಲ್ಲೇ ಐತಲ್ಲ!" ಎಂದು ಕುತ್ತಿಗೆ ಮುಟ್ಟಿಕೊಂಡು ನಕ್ಕಳು.

ಒಳಗೆ ಎಸಿಯ ಚಳಿ, ಅರೆಗತ್ತಲು. ಜೊತೆಗೆ ಒಬ್ಬರು ಇರಬಹುದು ಎಂದದ್ದಕ್ಕೆ ನಾನೂ ಹೋದೆ. ಡಾಕ್ಟರು ಅಕ್ಕನ ಕುತ್ತಿಗೆಗೆ ಜೆಲ್ ಹಚ್ಚಿ ಯಂತ್ರ ಆಡಿಸುತ್ತ, ಪರದೆ ನೋಡುತ್ತ, ಮೂಲೆಯಲ್ಲಿ ಕುಳಿತ ಟೈಪಿಸ್ಟ್ ಹುಡುಗಿಗೆ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ಆ ದನಿಯಲ್ಲಿ ಏರಿಳಿತವೇ ಇರಲಿಲ್ಲ.

"ಎ ನಾಡ್ಯೂಲ್ ಈಸ್ ಸೀನ್ ಇನ್ ದಿ ಲೆಫ್ಟ್ ಲೋಬ್."

ನನ್ನ ಕಿವಿ ಅಲ್ಲಿಗೇ ನಿಂತುಬಿಟ್ಟಿತು. ಎ ನಾಡ್ಯೂಲ್. ಒಂದು ಗಂಟು. ಹಳೆಯದಾಗಿದ್ದರೆ ದಿ ಎನ್ನಬೇಕಿತ್ತಲ್ಲ? ಗ್ರಂಥಿಯ ಎಡಭಾಗಕ್ಕೆ ದಿ ಎಂದರು, ಗಂಟಿಗೆ ಮಾತ್ರ ಎ. ಅಂದರೆ ಇದು ಬೇರೆ. ಇದು ಹೊಸದು. ಗೋಡೆಗೆ ಬೆನ್ನು ಕೊಟ್ಟು ನಿಂತೆ.

ಅಕ್ಕ ಮಲಗಿದಲ್ಲಿಂದಲೇ ಕಣ್ಣು ಹೊರಳಿಸಿ ಕೇಳಿದಳು: "ಏನಂತಾರ ತಂಗಿ?"

"ಏನಿಲ್ಲಕ್ಕಾ, ಅಳತಿ ಬರಸಾಕತ್ತಾರ."

ಡಾಕ್ಟರನ್ನು ಕೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಕೇಳಿದರೆ ಉತ್ತರ ಬಂದುಬಿಡುತ್ತದೆ. ಆ ಉತ್ತರವನ್ನು ಅಕ್ಕನ ಎದುರಿಗೆ, ಅವಳ ಕುತ್ತಿಗೆಯ ಜೆಲ್ ಒರೆಸುತ್ತ, ನಾನು ಹೇಗೆ ಕೇಳಿಸಿಕೊಳ್ಳಲಿ? ಅಷ್ಟರಲ್ಲಿ ಮುಂದಿನವರನ್ನು ಒಳಗೆ ಕರೆದರು.

ಧಾರವಾಡಕ್ಕೆ ಮರಳುವಾಗ ಬಸ್ಸಿನಲ್ಲಿ ಅಕ್ಕ ನನ್ನ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋದಳು. ಅವಳ ಕುತ್ತಿಗೆ ನನ್ನ ಕಣ್ಣೆದುರಿಗೇ ಇತ್ತು. ತಾಳಿಯ ಸರದ ಮೇಲೆ ನರವೊಂದು ಮೆಲ್ಲಗೆ ಬಡಿದುಕೊಳ್ಳುತ್ತಿತ್ತು. ಗಂಟು ಎರಡಾಗಿರಬಹುದೇ ಎಂದು ಹುಡುಕಿದೆ. ಬಸ್ಸು ಕುಲುಕಿದಾಗಲೆಲ್ಲ ಎರಡು ಕಂಡಂತಾಗುತ್ತಿತ್ತು. ಸಂಜೆ ನನ್ನ ಮನೆಯಲ್ಲಿ ರೊಟ್ಟಿ ಬಡಿದು ನನಗೇ ಬಡಿಸಿದಳು. ತುತ್ತು ನುಂಗುವಾಗ ಅವಳ ಗಂಟಲು ಏರಿ ಇಳಿಯುವುದನ್ನೇ ನೋಡುತ್ತ ಕುಳಿತೆ.

ಮರುದಿನ ಬೆಳಿಗ್ಗೆ ಹೊಸ ಬ್ಯಾಚಿಗೆ ಇದೇ ಪಾಠ. ರಜೆ ಹಾಕಿದರೆ ಅಕ್ಕನಿಗೆ ಅನುಮಾನ ಬಂದೀತೆಂದು ಹೋದೆ. ರಾಜನ ಕತೆ ಹೇಳಿದೆ. ಬೋರ್ಡಿನ ಮೇಲೆ ಬರೆದ ಎ ಅಕ್ಷರವನ್ನು ನೋಡಲಾಗದೆ ಮಕ್ಕಳ ಕಡೆ ತಿರುಗಿದೆ. ಆಗ ನಡುವಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಮ್ಮಾರ, ರಾಜ ನಮಗ ಹೊಸಾಂವ, ಖರೇ. ಅವನ ಹಿರೇ ಹೆಂಡ್ತಿಗೆ ಹಳಬನ ಅಲ್ಲೇನ್ರಿ? ಆಕಿ ಅವಗ ಏನಂತಾಳ್ರಿ?"

ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. "ಆಕಿ ದಿ ಅಂತಾಳವ್ವಾ," ಎಂದೆ. "ವಸ್ತು ಹಳೇದೋ ಹೊಸಾದೋ ಅನ್ನೋದಲ್ಲ. ಮಾತಾಡೋರಿಗೂ ಕೇಳೋರಿಗೂ ಅದರ ಗುರುತು ಐತೋ ಇಲ್ಲೋ, ಅದು ಲೆಕ್ಕ."

ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಅಕ್ಕನ ಹಳೆಯ ಫೈಲು ಟ್ರಂಕಿನಲ್ಲಿತ್ತು. ಸ್ಕ್ಯಾನ್ ಮಾಡಿದ ಡಾಕ್ಟರಿಗೆ ಹಳೆಯ ಗಂಟಿನ ಸುದ್ದಿಯೇ ಗೊತ್ತಿರಲಿಲ್ಲ. ಮೊದಲ ಸಲ ನೋಡಿದವರು ಎ ಎನ್ನದೆ ಇನ್ನೇನೆಂದಾರು? ಕ್ಲಾಸು ಮುಗಿದ ಕೂಡಲೇ ಅಕ್ಕನ ಗಂಡನಿಗೆ ಫೋನ್ ಮಾಡಿದೆ. "ಮಾಮಾ, ಫೈಲ್ ತಗೊಂಡು ಲಗೂ ಬರ್ರಿ." ಆದರೆ ಹೆದರಿಕೆ ಹೋಗಲಿಲ್ಲ. ಇಲ್ಲಿಯತನಕ ಕೆಟ್ಟದ್ದೇ ಖಚಿತ ಎಂದುಕೊಂಡಿದ್ದೆ. ಈಗ ಆಸೆಯೊಂದು ಸೇರಿಕೊಂಡು, ಅದೂ ಕೈತಪ್ಪೀತೆಂಬ ದಿಗಿಲು ಹತ್ತಿತು.

ಮಾಮಾ ಅಂದೇ ಫೈಲಿನೊಂದಿಗೆ ಬಂದರು. ಮೂವರೂ ಗಂಟಲು ತಜ್ಞರ ಬಳಿ ಹೋದೆವು. ಅವರು ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟು ನೋಡಿ, "ಹೊಸಾದೇನಲ್ರಿ, ಮೊದಲಿಂದ ಅದ," ಎಂದರು. ಉಸಿರು ಬಿಟ್ಟೆ. ಆಗಲೇ ಅವರು ಪಕ್ಕದಲ್ಲಿದ್ದ ಕಿರಿಯ ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಅಂದರು:

"ದಿ ನಾಡ್ಯೂಲ್ ಹ್ಯಾಸ್ ಗ್ರೋನ್."

ಆ ದಿ ಒಂದು ಸಿಗಲಿ ಎಂದು ನಿನ್ನೆಯಿಂದ ಕಂಡ ದೇವರಿಗೆಲ್ಲ ಬೇಡಿಕೊಂಡಿದ್ದೆ. ಸಿಕ್ಕಿತು. ಆ ಗಂಟೇ, ಆದರೆ ಬೆಳೆದಿದೆ. ಸೂಜಿ ಹಾಕಿ ಪರೀಕ್ಷೆ ಮಾಡಬೇಕು ಎಂದರು.

"ನೋವು ಆಕ್ಕೈತೇನ್ರಿ?" ಎಂದಷ್ಟೇ ಕೇಳಿದಳು ಅಕ್ಕ. ಮಾಮಾ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಹಿಂಡುತ್ತಿದ್ದರು.

ಫಲಿತಾಂಶ ಬರುವವರೆಗೆ ಅಕ್ಕ ನನ್ನ ಮನೆಯಲ್ಲೇ ಉಳಿದಳು. ಒಂದು ಮಧ್ಯಾಹ್ನ ಶೇಂಗಾ ಹುರಿಯುತ್ತ, ನನ್ನ ಕಡೆ ನೋಡದೆ ಕೇಳಿದಳು:

"ಅವ್ವಂದೂ ಹಿಂಗ ಇತ್ತಲ್ಲ?"

"ಇಲ್ಲಕ್ಕಾ, ಅದು ಬ್ಯಾರೆ."

"ಬ್ಯಾರೆ ಅಂತ ನಿನಗ ಹೆಂಗ ಗೊತ್ತು?"

ಶೇಂಗಾ ಸೀದ ವಾಸನೆ ಬಂದ ಮೇಲೆಯೇ ಇಬ್ಬರೂ ಒಲೆಯ ಕಡೆ ನೋಡಿದೆವು. ಅವಳಿಗೂ ಮೊದಲಿನಿಂದ ಅದೇ ಭಯವಿತ್ತು ಎಂದು ನನಗೆ ಆಗ ತಿಳಿಯಿತು. ಅವಳ ಭಯ ನನಗೆ ಕಾಣದಿರಲೆಂದು ಅವಳು, ನನ್ನದು ಅವಳಿಗೆ ಕಾಣದಿರಲೆಂದು ನಾನು, ಒಂದೇ ಮನೆಯಲ್ಲಿ ನಗುತ್ತ ಓಡಾಡಿಕೊಂಡಿದ್ದೆವು.

ಫಲಿತಾಂಶದ ದಿನ ಡಾಕ್ಟರು ಕಾಗದ ಓದಿ ನೇರ ಅಕ್ಕನಿಗೇ ಹೇಳಿದರು: "ಅಕ್ಕಾರ, ಕ್ಯಾನ್ಸರ್ ಇಲ್ರಿ. ಆದ್ರ ಇನ್ನ ತಪಾಸಣಿ ತಪ್ಪಸಬ್ಯಾಡ್ರಿ."

"ಖರೇನ ಏನ್ರಿ?"

"ಖರೇನ್ರಿ."

ಆಸ್ಪತ್ರೆಯ ಎದುರಿನ ಗಾಡಿಯಲ್ಲಿ ಮಾಮಾ ಗಿರಮಿಟ್ಟು, ಮೆಣಸಿನಕಾಯಿ ಭಜಿ ಕೊಡಿಸಿದರು. ಅಕ್ಕ ಹಸಿದವಳಂತೆ ತಿಂದಳು, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ನನ್ನ ಕೈಯೊಳಗಿನ ಗಿರಮಿಟ್ಟಿನ ಪೊಟ್ಟಣ ಮಾತ್ರ ನಡುಗಿ, ಚುರುಮುರಿ ನೆಲಕ್ಕೆ ಉದುರುತ್ತಿತ್ತು.

"ಎಲ್ಲಾ ಛಲೋ ಆತಲ್ಲ, ಇನ್ನೂ ಯಾಕ ನಡಗತಿ?" ಎಂದು ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ನಡುಕ ನಿಲ್ಲುವವರೆಗೂ ಬಿಡಲಿಲ್ಲ.