ಅನ್ನನಾಳದ ಬಳೆಗಳು

ಹೆಬ್ಬಾಳದ ಆಸ್ಪತ್ರೆಯೊಂದರ ಎಂಡೋಸ್ಕೋಪಿ ವಿಭಾಗದಲ್ಲಿ ನಾನು ನರ್ಸ್. ಹುಣಸಮಾರನಹಳ್ಳಿಯಿಂದ ಬಂದಿದ್ದ ಮುನಿರಾಜಣ್ಣನಿಗೆ ವರ್ಷಗಳಿಂದ ತುತ್ತು ಎದೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನಾಚಿಕೆಯಿಂದ ಯಾರ ಜೊತೆಯೂ ಊಟಕ್ಕೆ ಕೂರುತ್ತಿರಲಿಲ್ಲವಂತೆ.

ಕ್ಯಾಮೆರಾ ಒಳಗಿಳಿದಾಗ ಪರದೆ ನೋಡಿ ಬೆರಗಾದೆ. ಅನ್ನನಾಳದ ಉದ್ದಕ್ಕೂ ಬಳೆ ಜೋಡಿಸಿಟ್ಟಂತೆ ಉಂಗುರಗಳು! ಡಾಕ್ಟರು ಅಲ್ಲಲ್ಲಿ ಸಣ್ಣ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಅಲರ್ಜಿಯಿಂದ ಬಂದ ಉರಿಯೂತ ಎಂದು ಗೊತ್ತಾಯಿತು.

ಔಷಧಿ ಹೇಳಿಕೊಡುವ ಕೆಲಸ ನನ್ನದು. ಉಬ್ಬಸದವರ ಇನ್‌ಹೇಲರ್ ಕೈಗಿಟ್ಟು, "ಬಾಯೊಳಗೆ ಹೊಡ್ಕೊಂಡು ನುಂಗಿ, ಉಸಿರು ಎಳ್ಕೋಬೇಡಿ" ಅಂದೆ.

"ಏನಮ್ಮಾ, ಗಾಳಿ ನುಂಗಿದ್ರೆ ವಾಸಿಯಾಗ್ತದಾ?" ಎಂದು ನನ್ನನ್ನೇ ದಿಟ್ಟಿಸಿದರು.

ನನಗೂ ಪೂರ್ತಿ ನಂಬಿಕೆಯಿರಲಿಲ್ಲ. "ಅದರಲ್ಲಿ ಔಷಧಿ ಇದೆ ಅಣ್ಣ, ನುಂಗಿದ್ರೆ ಅನ್ನನಾಳಕ್ಕೆ ಅಂಟ್ಕೊಳ್ತದೆ" ಅಂದೆ.

ಕೆಲವು ತಿಂಗಳಾದ ಮೇಲೆ ಮತ್ತೆ ಕ್ಯಾಮೆರಾ ಇಳಿಸಿದರು. ಉಂಗುರಗಳು ಹೆಚ್ಚುಕಡಿಮೆ ಕರಗಿಹೋಗಿ, ನುಣ್ಣನೆಯ ಗುಲಾಬಿ ದಾರಿ ಕಂಡಿತು. ಚಿತ್ರ ತೋರಿಸಿದೆ. ಮುನಿರಾಜಣ್ಣ ಕಣ್ಣೊರೆಸಿಕೊಂಡರು.

"ನಿನ್ನೆ ಅಣ್ಣತಮ್ಮಂದಿರ ಜೊತೆ ಕೂತು ಮುದ್ದೆ ಉಂಡೆ ಕಣಮ್ಮ. ಇಳಿದಿದ್ದೇ ಗೊತ್ತಾಗ್ಲಿಲ್ಲ."

ಆ ಸಂಜೆ ಮನೆಯಲ್ಲಿ ಒಂದು ತುತ್ತು ಬಾಯಿಗಿಟ್ಟು, ಅದು ತಾನಾಗಿಯೇ ಒಳಗಿಳಿಯುವುದನ್ನು ಗಮನಿಸುತ್ತ ಸುಮ್ಮನೆ ಕೂತುಬಿಟ್ಟೆ. ಅಡುಗೆ ಮಾಡಿದ್ದ ನಮ್ಮನೆಯವರು ಗಾಬರಿಯಿಂದ ಕೇಳಿದರು:

"ಯಾಕೆ, ಉಪ್ಪು ಜಾಸ್ತಿಯಾಯ್ತಾ?"